ಟಿವಿಗೆ ಬಂದ ಕಾಮಾಲೆ

ನಿನ್ನೆ ರಾತ್ರಿ ಹತ್ತೂ ಮುಕ್ಕಾಲಿಗೆ ನಾನು ಬೌಲ್ಡ್ ಆದೆ. ಹತ್ತೂ ನಲವತ್ತೇಳಕ್ಕೆ ಇನ್ನೊಮ್ಮೆ ಬೌಲ್ಡ್. ಹತ್ತೂ ಐವತ್ತಕ್ಕೆ ಎಲ್‌ಬಿಡಬ್ಲ್ಯೂ. ಮೂರೂ ಸಲ ಸರಿಯಾದ ಹೊತ್ತಿಗೇ ಗುಂಡಿ ಒತ್ತಿದ್ದೆ, ಬೇಕಾದರೆ ಮನೆದೇವರ ಮೇಲೆ ಆಣೆ ಮಾಡುತ್ತೇನೆ. ಆದರೆ ಪರದೆ ಮೇಲಿದ್ದ ನನ್ನ ಬ್ಯಾಟ್ಸ್‌ಮನ್, ಊಟದ ಹೊತ್ತಿನಲ್ಲಿ ಕರೆದರೆ ತಲೆ ಎತ್ತುವ ಗುಮಾಸ್ತನ ಹಾಗೆ, ಸ್ಟಂಪು ಹಾರಿ ಕೀಪರ್ ಕುಣಿಯೋಕೆ ಶುರು ಮಾಡಿದ ಮೇಲೆ ನಿಧಾನಕ್ಕೆ ಬ್ಯಾಟು ಎತ್ತುತ್ತಿದ್ದ.

ಆಗ ಗೊತ್ತಾಯಿತು. ಅಪ್ಪ ಟಿವಿ ‘ಸರಿ’ ಮಾಡಿದ್ದಾರೆ.

ನಮ್ಮ ಮನೆ ಟಿವಿಯ ದಿನಚರಿ ನಿಮ್ಮನೆಯದಕ್ಕಿಂತ ಬೇರೆ ಏನಿರಲ್ಲ. ಬೆಳಗ್ಗೆ ಐದೂವರೆಗೆ ಅಪ್ಪನ ಸುಪ್ರಭಾತ, ಪ್ರವಚನ, ರಾಶಿಫಲ. ಮಧ್ಯಾಹ್ನ ಮಗನ ಕಾರ್ಟೂನು. ಸಂಜೆ ಆರರಿಂದ ಹತ್ತರವರೆಗೆ ಅಮ್ಮನ ಧಾರಾವಾಹಿಗಳು, ನಡುವೆ ಜಾಹೀರಾತು ಬಂದಾಗ ಅಪ್ಪನ ನ್ಯೂಸು. ಎಲ್ಲರೂ ಮಲಗಿದ ಮೇಲೆ, ನಲವತ್ತೊಂದು ವರ್ಷದ ಒಬ್ಬ ಗಂಡಸು ಕಳ್ಳಬೆಕ್ಕಿನ ಹಾಗೆ ಹಾಲ್‌ಗೆ ಬಂದು, ಸೌಂಡು ಸೊನ್ನೆ ಮಾಡಿ ಕ್ರಿಕೆಟ್ ಆಡುತ್ತಾನೆ. ಈ ಒಂದು ಗಂಟೆಯ ಸುಖಕ್ಕೆ 49,990 ರೂಪಾಯಿ ಕೊಟ್ಟು ಪ್ಲೇಸ್ಟೇಷನ್ 5 ಅನ್ನೋ ವಿಡಿಯೋ ಗೇಮ್ ಡಬ್ಬ ತಂದಿದ್ದು. ಬೆಲೆ ಅಪ್ಪನಿಗೆ ಇವತ್ತಿಗೂ ಹೇಳಿಲ್ಲ. ಟಿವಿ ಪಕ್ಕ ನಿಂತಿರುವ ಆ ಬಿಳಿ ಡಬ್ಬ ಯಾವುದೋ ಹೊಸ ನಮೂನೆಯ ಸ್ಟೆಬಿಲೈಸರ್ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಳ್ಳಲಿ ಅಂತ ಬಿಟ್ಟಿದ್ದೇನೆ.

ಟಿವಿ ತಂದಿದ್ದು 2019ರಲ್ಲಿ, ವರ್ಲ್ಡ್ ಕಪ್‌ಗೋಸ್ಕರ. ನ್ಯೂಜಿಲೆಂಡ್ ಮೇಲಿನ ಸೆಮಿಫೈನಲ್‌ನಲ್ಲಿ ಧೋನಿ ರನೌಟ್ ಆಗಿದ್ದನ್ನು ಇದರಲ್ಲೇ ನೋಡಿದ್ದು. ಅವತ್ತೂ ಇದು ಬಣ್ಣ ಢಾಳಾಗಿಸುವ ವಿವಿಡ್ ಮೋಡ್‌ನಲ್ಲೇ ಇತ್ತು. ಹುಲ್ಲು ಗಿಳಿಹಸಿರು, ನಮ್ಮವರ ಜೆರ್ಸಿ ಕಣ್ಣು ಕುಕ್ಕುವ ನೀಲಿ, ದುಃಖ ಮಾತ್ರ ಅದರ ನಿಜಬಣ್ಣದಲ್ಲಿತ್ತು.

ಆಟಕ್ಕೆ ಒಳ್ಳೆ ಪಿಕ್ಚರ್ ಬರಬೇಕಾದರೆ ಏನು ಮಾಡಬೇಕು ಅಂತ ನಾನು ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದೇನೆ. ಸಾರಾಂಶ ಇಷ್ಟೇ: ಅಂಗಡಿಯವನು ಯಾವ್ಯಾವುದನ್ನು ತೋರಿಸಿ ಟಿವಿ ಮಾರಿದನೋ ಅದನ್ನೆಲ್ಲ ಆಫ್ ಮಾಡಬೇಕು. ವಿವಿಡ್ ಅನ್ನೋದು ಅಂಗಡಿಯ ಮೋಡು. ಅಲ್ಲಿ ನೂರು ಲೈಟಿನ ಕೆಳಗೆ ಐವತ್ತು ಟಿವಿಗಳು ‘ನನ್ನ ನೋಡು, ನನ್ನ ನೋಡು’ ಅಂತ ಕಿರುಚುತ್ತಿರುತ್ತವೆ. ಬ್ರೈಟ್‌ನೆಸ್ ಪೂರ್ತಿ ಏರಿಸಿ, ಬಿಳಿಗೆ ಒಂದಿಷ್ಟು ನೀಲಿ ಬೆರೆಸಿ ಇಟ್ಟಿರುತ್ತಾರೆ. ಥೇಟ್ ಅಪ್ಪನ ಪಂಚೆ. ಪ್ರತಿ ಭಾನುವಾರ ನೀಲಿ ಹಾಕಿ ಒಗೆದ ಪಂಚೆ ಉಟ್ಟೂ ಉಟ್ಟೂ ಅವರಿಗೆ ಬಿಳಿ ಅಂದರೆ ಅದೇ. ನಾನು ‘ವಾರ್ಮ್’ ಅಂತ ಇಟ್ಟರೆ, ಅಂದರೆ ಸಿನಿಮಾದವರೂ ಆಟ ಮಾಡುವವರೂ ಬಿಳಿ ಅಂತ ಒಪ್ಪಿಕೊಂಡಿರುವ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಹತ್ತಿರಕ್ಕೆ ತಂದರೆ, ಅಪ್ಪ ಹಾಲ್‌ಗೆ ಬಂದವರೇ, “ಏನೋ ಇದು, ಎಲ್ಲರಿಗೂ ಕಾಮಾಲೆ ಬಂದ ಹಾಗಿದೆ!” ಅನ್ನುತ್ತಾರೆ. ನಾಲ್ಕು ದಿನ ನೋಡಿದರೆ ಕಣ್ಣು ಹೊಂದಿಕೊಳ್ಳುತ್ತೆ ಅಪ್ಪಾ ಅಂದರೆ, “ಕಾಮಾಲೆಗೆ ಹೊಂದಿಕೊಳ್ಳಬಾರದು ಕಣೋ, ಔಷಧಿ ತಗೋಬೇಕು.”

ಶಾರ್ಪ್‌ನೆಸ್ ವಿಷಯದಲ್ಲಿ ಅಮ್ಮನ ವಿರೋಧ. ಅದನ್ನು ಏರಿಸಿದರೆ ಚಿತ್ರಕ್ಕೆ ಹೊಸ ವಿವರವೇನೂ ಬರಲ್ಲ, ಇರುವ ಗೆರೆಗಳ ಸುತ್ತ ಬಿಳಿ ಅಂಚು ಕಟ್ಟುತ್ತೆ ಅಷ್ಟೇ. ಬ್ಯಾಟಿಗೂ ಅಂಚು, ಅಂಪೈರ್ ಟೋಪಿಗೂ ಅಂಚು. ಆದರೆ ಅಮ್ಮನ ಧಾರಾವಾಹಿಯ ಅತ್ತೆ ಉಟ್ಟ ಸೀರೆ ಜರಿ ಎದ್ದು ಕಾಣೋದು ಆಗಲೇ. ಇಳಿಸಿದೆ. “ಇದ್ಯಾಕೆ ಇವತ್ತು ಇವಳು ಕಾಟನ್ ಸೀರೆ ಉಟ್ಟಿದ್ದಾಳೆ, ಮನೇಲಿ ಏನಾದ್ರೂ ಕೆಟ್ಟದ್ದು ಆಯ್ತಾ?” ಅಂತ ಅಮ್ಮ ಗಾಬರಿಯಾದರು.

ಇದೆಲ್ಲ ಸಹಿಸಬಹುದು. ನನ್ನನ್ನು ನಿನ್ನೆ ಬೌಲ್ಡ್ ಮಾಡಿದ್ದು ಮೋಷನ್ ಸ್ಮೂಥಿಂಗ್ ಅನ್ನೋ ಪಿಶಾಚಿ. ಒಂದೊಂದು ಕಂಪನಿಯವರು ಅದಕ್ಕೆ ಒಂದೊಂದು ನಾಮಕರಣ ಮಾಡಿದ್ದಾರೆ: ಎಲ್‌ಜಿಯವರದು ಟ್ರೂಮೋಷನ್, ಸೋನಿಯವರದು ಮೋಷನ್‌ಫ್ಲೋ. ಕೆಲಸ ಮಾತ್ರ ಊರ ಸುದ್ದಿ ಹೇಳುವ ನಮ್ಮ ಸೋದರತ್ತೆಯದು. ಎರಡು ನಿಜಗಳ ನಡುವೆ ತನ್ನದೊಂದು ಸೇರಿಸದೆ ಅತ್ತೆ ಹೇಳುವವಳಲ್ಲ. ಟಿವಿಯೂ ಹಾಗೇ, ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ತಾನೇ ಒಂದನ್ನು ಹುಟ್ಟಿಸಿ ತುರುಕುತ್ತೆ. ತುರುಕಬೇಕಾದರೆ ಮುಂದಿನದು ಏನು ಅಂತ ಮೊದಲು ಗೊತ್ತಿರಬೇಕಲ್ಲ? ಅದಕ್ಕೇ ಎಲ್ಲವನ್ನೂ ತಡೆದು ಹಿಡಿದು, ನೋಡಿ, ಬೆರೆಸಿ, ಆಮೇಲೆ ತೋರಿಸುತ್ತೆ. ಎಷ್ಟೋ ಟಿವಿಗಳಲ್ಲಿ ಇದರಿಂದ ಆಗುವ ತಡ ನೂರು ಮಿಲಿಸೆಕೆಂಡು ದಾಟುತ್ತೆ. ಸೆಕೆಂಡಿನ ಹತ್ತನೇ ಒಂದು ಭಾಗ ಯಾವ ಲೆಕ್ಕ ಅನ್ನಬೇಡಿ. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಅಷ್ಟರಲ್ಲಿ ಹತ್ತಿರ ಹತ್ತಿರ 4 ಮೀಟರ್ ಬಂದಿರುತ್ತೆ. ನಾನು ನೋಡುವ ಚೆಂಡು ಇನ್ನೂ ಪಿಚ್ ಮೇಲಿದೆ, ನಿಜವಾದ ಚೆಂಡು ನನ್ನ ಪ್ಯಾಡಿನಲ್ಲಿದೆ.

ಗೇಮ್ ಮೋಡ್ ಹಾಕಿದರೆ ಈ ಅತ್ತೆಯ ಬಾಯಿ ಮುಚ್ಚುತ್ತೆ. ಈಗಿನ ಹೊಸ ಟಿವಿಗಳಲ್ಲಿ ಡಬ್ಬವೇ ‘ಆಟ ಶುರುವಾಯ್ತು’ ಅಂತ ಸನ್ನೆ ಮಾಡಿ, ಟಿವಿ ತಾನಾಗಿಯೇ ಗೇಮ್ ಮೋಡ್‌ಗೆ ಹೋಗುವ ವ್ಯವಸ್ಥೆಯಿದೆಯಂತೆ. ನಮ್ಮದಕ್ಕೆ ಆ ಭಾಗ್ಯವಿಲ್ಲ. ಕೈಯಾರೆ ಹಾಕಬೇಕು. ಕೈಯಾರೆ ಹಾಕಿದ್ದನ್ನು ಇನ್ನೊಂದು ಕೈ ತೆಗೆಯುತ್ತೆ.

ಎಚ್‌ಡಿಆರ್ (ಅತಿ ಬೆಳಕು, ಅತಿ ಕತ್ತಲೆ ಎರಡರಲ್ಲೂ ವಿವರ ತೋರಿಸುವ ವ್ಯವಸ್ಥೆ) ಸರಿಪಡಿಸಿದ ಭಾನುವಾರವನ್ನಂತೂ ನಾನು ಮರೆಯಲ್ಲ. ಪ್ಲೇಸ್ಟೇಷನ್ನಿನಲ್ಲಿ ಅದಕ್ಕೆ ಮೂರು ಪರದೆ ಬರುತ್ತೆ. ಒಂದರಲ್ಲಿ ಬೆಳಕಿನ ಚೌಕದೊಳಗೆ ಒಂದು ಪುಟ್ಟ ಸೂರ್ಯ. ಗುಂಡಿ ಒತ್ತುತ್ತಾ ಹೋದಂತೆ ಸೂರ್ಯ ಮಸುಕಾಗುತ್ತಾನೆ. ಕಂಡೂ ಕಾಣದ ಹಾಗೆ ಆದಾಗ ನಿಲ್ಲಿಸಬೇಕು. ಕಂಡೂ ಕಾಣದ ಹಾಗೆ ಅಂದರೆ ಎಷ್ಟು? ಅಡುಗೆ ಪುಸ್ತಕದ ‘ಉಪ್ಪು ರುಚಿಗೆ ತಕ್ಕಷ್ಟು’ ಇದ್ದ ಹಾಗೆ. ನನ್ನ ಕಣ್ಣನ್ನೇ ನಂಬಿಕೊಂಡಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಬುದ್ಧಿಯಿಲ್ಲದೆ ಬಾಯಿಬಿಟ್ಟೆ.

“ಅಪ್ಪಾ, ಸೂರ್ಯ ಕಾಣಿಸ್ತಿದ್ಯಾ?”

“ಯಾವ ಸೂರ್ಯನೋ, ಸಂಜೆ ಆರು ಗಂಟೇಲಿ?”

“ಟಿವೀಲಿ. ಆ ಚೌಕದ ಒಳಗೆ.”

ಅಪ್ಪನ ಎಡಗಣ್ಣಿನ ಪೊರೆ ಆಪರೇಷನ್ ಆಗಿದೆ, ಬಲಗಣ್ಣಿನದು ಶ್ರಾವಣ ಕಳೆದ ಮೇಲೆ ಅಂತ ಮುಂದೂಡಿದ್ದಾರೆ. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಒಂದು ಕಣ್ಣು ಮುಚ್ಚಿದರು. ಇನ್ನೊಂದು ಕಣ್ಣು ಮುಚ್ಚಿದರು. “ಎಡಗಣ್ಣಿಗೆ ಇದಾನೆ, ಬಲಗಣ್ಣಿಗೆ ಇಲ್ಲ. ಯಾವುದು ಬರ್ಕೋತೀಯ?”

ಮೆಂತ್ಯಸೊಪ್ಪು ಬಿಡಿಸುತ್ತಾ ಕೂತಿದ್ದ ಅಮ್ಮ, “ನಂಗೆ ಚೆನ್ನಾಗೇ ಕಾಣಿಸ್ತಿದೆಯಪ್ಪ” ಅಂದರು. ನನ್ನ ಮುಖ ಸಪ್ಪಗಾದದ್ದು ನೋಡಿ, “ಕಾಣಿಸ್ಬಾರ್ದಿತ್ತಾ? ಹಾಗಾದ್ರೆ ಇಲ್ಲ ಬಿಡು” ಅಂತ ತಿದ್ದಿಕೊಂಡರು. ಮಗನ ಪ್ರಕಾರ ಸೂರ್ಯ ಹೋಗಿ ಆಗಲೇ ಎಷ್ಟೋ ಹೊತ್ತಾಗಿತ್ತು. ನೀರಿನ ಟ್ಯಾಂಕರ್ ದುಡ್ಡು ಕೊಡೋಕೆ ಬಂದ ಮೇಲಿನ ಮನೆಯವರು ಬಾಗಿಲಲ್ಲೇ ನಿಂತು, ನಾವೆಲ್ಲ ಒಂದೊಂದು ಕಣ್ಣು ಮುಚ್ಚಿಕೊಂಡು ಒಂದೇ ದಿಕ್ಕಿಗೆ ನೋಡುತ್ತಿರುವುದನ್ನು ಕಂಡು, “ಏನ್ರೀ, ನಿಮ್ಮ ಗೋಡೆಗೂ ತೇವ ಬಂತಾ?” ಅಂತ ಒಳಗೇ ಬಂದರು. ವಿಷಯ ಗೊತ್ತಾದ ಮೇಲೆ ಅವರೂ ಕೂತರು. ಅವರಿಗೆ ಕಾಫಿಯೂ ಆಯಿತು. ‘ಇನ್ನೊಂದು ಎರಡು ಪಾಯಿಂಟ್ ಏರಿಸಿ ನೋಡಿ’ ಅಂತ, ಹುಟ್ಟಿದಾಗಿನಿಂದ ಇದೇ ಕೆಲಸ ಮಾಡಿದವರ ಹಾಗೆ ಹೇಳಿದರು.

ನನಗೆ ಮದುವೆಮನೆ ನೆನಪಾಯಿತು. ಮಟಮಟ ಮಧ್ಯಾಹ್ನ ಪುರೋಹಿತರು ವಧೂವರರನ್ನು ಹೊರಗೆ ಕರೆತಂದು ಅರುಂಧತಿ ನಕ್ಷತ್ರ ತೋರಿಸುತ್ತಾರಲ್ಲ. ಕಾಣಿಸ್ತಾ? ಕಾಣಿಸ್ತು. ಅಲ್ಲಿಗೆ ಮುಗೀತು, ಊಟಕ್ಕೆ ಎದ್ದರಾಯಿತು. ಇದನ್ನು ಹೇಳಿದ್ದೇ ತಪ್ಪಾಯಿತು. “ಅವತ್ತು ಇವರು ಬೆರಳು ಮಾಡಿ ತೋರಿಸಿದ್ದು ಛತ್ರದ ವಾಟರ್ ಟ್ಯಾಂಕು” ಅಂದಳು ಹೆಂಡತಿ, ಹನ್ನೆರಡು ವರ್ಷ ಇಟ್ಟುಕೊಂಡಿದ್ದನ್ನು ಅವತ್ತು ಹೊರಗೆ ಹಾಕಿ.

ಎರಡು ಪರದೆ ಮುಗಿಯುವ ಹೊತ್ತಿಗೆ ಮುಕ್ಕಾಲು ಗಂಟೆ. ಮೂರನೆಯದು ಕತ್ತಲೆಯ ಅಳತೆ, ಕಪ್ಪಿನೊಳಗೆ ಸೂರ್ಯನನ್ನು ಹುಡುಕಬೇಕು. ಎಲ್ಲರೂ ಮುಂದಕ್ಕೆ ಬಾಗಿದೆವು. ಟಪ್ ಅಂತ ಕರೆಂಟು ಹೋಯಿತು.

“ಹಾಂ, ಈಗ ಎರಡೂ ಕಣ್ಣಿಗೆ ಇಲ್ಲ. ಇದನ್ನೇ ಬರ್ಕೋ” ಅಂದರು ಅಪ್ಪ.

ಅಷ್ಟು ಜನರ ಬೆವರಿನಿಂದ ಕೂಡಿಸಿದ್ದ ಸೆಟಿಂಗ್ ನಿನ್ನೆ ಹೋಯಿತು. ಇವತ್ತು ಬೆಳಗ್ಗೆ ಕೇಳಿದೆ, ಸಮಾಧಾನವಾಗಿಯೇ. “ನಾನೇನೂ ಮಾಡಿಲ್ಲಪ್ಪ. ಪಿಕ್ಚರ್ ಡಲ್ ಇತ್ತು, ಒಂಚೂರು ಏರಿಸಿದೆ. ಟಿವಿ ಏನೋ ಕೇಳ್ತು. ಓಕೆ ಅಂದೆ.”

ಇದೇ ನೋಡಿ. ಅಪ್ಪ ಟಿವಿ ಕೇಳಿದ ಯಾವ ಪ್ರಶ್ನೆಗೂ ಇಲ್ಲ ಅಂದವರಲ್ಲ. ‘ಎಲ್ಲ ಇನ್‌ಪುಟ್‌ಗೂ ಇದೇ ಇರಲಾ?’ ಓಕೆ. ‘ಕರೆಂಟು ಉಳಿಸಲಾ?’ ಅದಕ್ಕಂತೂ ಎರಡು ಸಲ ಓಕೆ. ಕರೆಂಟು ಉಳಿಸುವ ಮೋಡು ಕೋಣೆಯ ಬೆಳಕು ನೋಡಿಕೊಂಡು ಪರದೆಯನ್ನು ಮಂದ ಮಾಡುತ್ತೆ, ಮಂದವಾಯಿತು ಅಂತ ಅಪ್ಪ ಮತ್ತೆ ವಿವಿಡ್‌ಗೆ ಹೋಗುತ್ತಾರೆ, ಟಿವಿ ಮತ್ತೆ ಕೇಳುತ್ತೆ. ನಾನು ಏಳನೇ ಕ್ಲಾಸಿನಲ್ಲಿ ಸೈಕಲ್ ಕೇಳಿದ್ದಕ್ಕೆ ಮೂರು ವರ್ಷ ‘ನೋಡೋಣ’ ಅಂದ ಮನುಷ್ಯ ಇವರೇ. ಇಂಗ್ಲಿಷಿನಲ್ಲಿ ಕೇಳಬೇಕಿತ್ತೋ ಏನೋ.

ರಿಮೋಟ್ ಕಿತ್ತುಕೊಳ್ಳೋಣ ಅಂದರೆ ಅದು ಪ್ಲಾಸ್ಟಿಕ್ ಕವರಿನೊಳಗಿದೆ. ತಂದ ದಿನವೇ ಅಪ್ಪ ಕವರು ಸುತ್ತಿ, ಎರಡೂ ಕಡೆ ರಬ್ಬರ್ ಬ್ಯಾಂಡ್ ಹಾಕಿದ್ದರು. ಕವರು ಈಗ ಹಳದಿಯಾಗಿ, ಒಳಗಿನ ಅಕ್ಷರ ಕಾಣದೆ, ಅವರಿಗೆ ಮಾತ್ರ ಅರ್ಥವಾಗುವ ವಸ್ತುವಾಗಿದೆ.

ಸೈಕಲ್ ಬರಲಿಲ್ಲ, ಆದರೆ ಅದೇ ಬೇಸಿಗೆಯಲ್ಲಿ ವಿಡಿಯೋ ಗೇಮ್ ಬಂತು. ಹಳದಿ ಕ್ಯಾಸೆಟ್ಟು, ಜೊತೆಗೊಂದು ಪ್ಲಾಸ್ಟಿಕ್ ಗನ್ನು. ನಮ್ಮದು ಆಗ ಕಪ್ಪು ಬಿಳುಪು ಡಬ್ಬ ಟಿವಿ. ಮುಂದೆ ಒಂದು ಚಿಕ್ಕ ಬಾಗಿಲು, ಅದರ ಹಿಂದೆ ಚಾನೆಲ್ ಕೂಡಿಸುವ ಹಲ್ಲಿನ ಚಕ್ರಗಳು. ಅಪ್ಪ ಆಫೀಸಿನಿಂದ ಬಂದವರು ಚಪ್ಪಲಿಯನ್ನೂ ಬಿಡದೆ ಟಿವಿ ಮುಂದೆ ಕುಕ್ಕರುಗಾಲಲ್ಲಿ ಕೂತು, ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ, “ಬಂತಾ? ಈಗ? ಈಗ?” ಅಂತ ಕೇಳುತ್ತಿದ್ದರು. ಚುಕ್ಕಿಮಳೆಯ ಒಳಗಿಂದ ಬಾತುಕೋಳಿ ಹಾರಿಬಂದಾಗ ನನಗಿಂತ ಜೋರಾಗಿ ಅವರೇ ಕೂಗಿದ್ದು. ಆಮೇಲೆ ಗುಂಡಿಯ ಮೇಲೆ ಸೆಲೋಟೇಪ್ ಅಂಟಿಸಿದರು, ಯಾರೂ ಮುಟ್ಟಬಾರದು ಅಂತ.

ಆ ಗನ್ನು ಅಟ್ಟದ ಮೇಲಿತ್ತು. ಕಳೆದ ದೀಪಾವಳಿಗೆ ಧೂಳು ಹೊಡೆಯುವಾಗ ಹಳೇ ಡಬ್ಬದ ಸಮೇತ ಸಿಕ್ಕಿತು, ಮಗನಿಗೆ ತೋರಿಸೋಣ ಅಂತ ಈ ಟಿವಿಗೆ ಜೋಡಿಸಿದೆ. ಬಾತುಕೋಳಿ ಹಾರಿದವು, ಒಂದೂ ಬೀಳಲಿಲ್ಲ. ಟ್ರಿಗರ್ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಬಾತು ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮಿಂಚುತ್ತೆ. ಗನ್ನಿನ ಮೂತಿಯಲ್ಲಿರುವ ಕಣ್ಣು ಆ ಬೆಳಕನ್ನು ಹಿಡಿಯಬೇಕು. ಹಳೇ ಪಿಕ್ಚರ್ ಟ್ಯೂಬು ತಡ ಮಾಡುತ್ತಿರಲಿಲ್ಲ. ಈಗಿನ ಟಿವಿ ಯೋಚನೆ ಮಾಡಿ ತೋರಿಸುವಷ್ಟರಲ್ಲಿ ಗನ್ನು ಕಣ್ಣು ಮುಚ್ಚಿಕೊಂಡಿರುತ್ತೆ. ಇಷ್ಟೆಲ್ಲ ಮಗನಿಗೆ ವಿವರಿಸಿದೆ. ಅಪ್ಪ ಸೋಫಾದಿಂದ, “ಗುರಿ ಸರಿಯಿಲ್ಲ ಅಂತ ಹೇಳು, ಟಿವಿ ಮೇಲೆ ಯಾಕೆ ಹಾಕ್ತೀಯ” ಅಂದು, ಒಂದು ಗಳಿಗೆ ಬಿಟ್ಟು, “ಆ ಟಿವಿ ಯಾರಿಗೆ ಕೊಟ್ವಿ ನಾವು?” ಅಂತ ಕೇಳಿದರು. ಗುಜರಿಗೆ ಹಾಕಿದ್ದು ಅವರೇ. ಯಾರಿಗೋ ಕೊಟ್ವಿ ಅಂದೆ.

ಇವತ್ತು ಸಂಜೆ ಗೇಮ್ ಮೋಡ್ ಮತ್ತೆ ಹಾಕಿ, ಒಂದು ಉಪಾಯ ಮಾಡಿದೆ. ಮಗನ ನೋಟ್‌ಬುಕ್ಕಿನ ಹಾಳೆ ಹರಿದು ದಪ್ಪ ಅಕ್ಷರದಲ್ಲಿ ‘ಟಿವಿ ಏನಾದರೂ ಕೇಳಿದರೆ ಬೇಡ ಅನ್ನಿ’ ಅಂತ ಬರೆದು ಟಿವಿ ಕೆಳಗೆ ಅಂಟಿಸಿದೆ. ಅಪ್ಪ ಓದಿದರು. ಏನೂ ಹೇಳಲಿಲ್ಲ. ಊಟವಾದ ಮೇಲೆ ಹಾಲ್‌ನಲ್ಲಿ ಬಹಳ ಹೊತ್ತು ಏನೋ ಪರಪರ ಸದ್ದಾಗುತ್ತಿತ್ತು, ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಹತ್ತೂವರೆಗೆ ಹೋಗಿ ನೋಡಿದೆ. ಟಿವಿ ಸೆಟಿಂಗ್ ಒಂದೂ ಕದಲಿಲ್ಲ. ಗೇಮ್ ಮೋಡು ಗೇಮ್ ಮೋಡಿನಲ್ಲೇ ಇದೆ. ಆಟದ ಕಂಟ್ರೋಲರ್ ಎತ್ತಿಕೊಂಡೆ. ಸೀರೆ ಅಂಗಡಿಯ ದಪ್ಪ ಪ್ಲಾಸ್ಟಿಕ್ ಕವರಿನೊಳಗೆ ಬಿಗಿಯಾಗಿ ಕೂತಿದೆ. ಎರಡೂ ಕಡೆ ಹೊಸ ರಬ್ಬರ್ ಬ್ಯಾಂಡು, ಎರಡೆರಡು ಸುತ್ತು.