ವಾವ್‌ಗೆ ಆದ ಅನ್ಯಾಯ

ನನ್ನ ಹೆಸರು ಇಂಗ್ಲಿಷಿನ 'ವಿ'ಯಿಂದ ಶುರುವಾಗುತ್ತದೆ. ಇದರ ಕಷ್ಟ ಆನಂದ, ಭಾಸ್ಕರರಿಗೆ ಗೊತ್ತಾಗುವುದಿಲ್ಲ. ಮೊನ್ನೆ ಕಣ್ಣಿನ ತಪಾಸಣೆ ಶಿಬಿರವೊಂದಕ್ಕೆ ಎಲ್ಲರಿಗಿಂತ ಮೊದಲೇ ಹೋಗಿ ಹೆಸರು ಬರೆಸಿದ್ದೆ. ಕಂಪ್ಯೂಟರಿನ ಹುಡುಗಿ ಪಟ್ಟಿಯನ್ನು ಎ ಬಿ ಸಿ ಡಿ ಪ್ರಕಾರ ಜೋಡಿಸಿಬಿಟ್ಟಳು. ತಡವಾಗಿ ಬಂದ ಅಶೋಕ ಎಂಬಾತ ಒಳಗೆ ಹೋಗಿ, ಚೀಟಿ ಹಿಡಿದು ಬಂದು, ಉಪ್ಪಿಟ್ಟು ತಿಂದು ಮನೆಗೂ ಹೋದ. ನನ್ನ ಸರದಿ ಬರುವ ಹೊತ್ತಿಗೆ ಡಾಕ್ಟರ ಕಣ್ಣೇ ಕೆಂಪಾಗಿತ್ತು. "ಏನ್ ಯಜಮಾನ್ರೇ, ಇಷ್ಟು ಲೇಟಾಗಿ ಬಂದ್ರಾ?" ಎಂದರು.

ಈ ಸಾಲು ಕಟ್ಟಿದ ಪುಣ್ಯಾತ್ಮ ಯಾರು, ಯಾಕೆ ಹೀಗೆ ಕಟ್ಟಿದ? ಪತ್ತೆ ಮಾಡಿಯೇ ತೀರಬೇಕು ಎಂದು ಕೂತೆ. ಈಜಿಪ್ಟಿನ ಸಿನಾಯ್ ಮರುಭೂಮಿಯ ಟರ್ಕಾಯ್ಸ್ ಎಂಬ ನೀಲಿ-ಹಸಿರು ಕಲ್ಲಿನ ಗಣಿಗಳಲ್ಲಿ 1905ರಲ್ಲಿ ಪುರಾತತ್ವಜ್ಞ ಪೆಟ್ರಿ ದಂಪತಿಗೆ ಸಿಕ್ಕ ಹಳೆಯ ಅಕ್ಷರಗಳ ಗೀಚುಗಳು, ಎತ್ತಿನ ತಲೆ 'ಎ' ಆದದ್ದು, ಇದೆಲ್ಲ ದೊಡ್ಡ ಕಥೆ. ಸೊಗಸಾದ ಕಥೆಯೇ. ನನಗೆ ಬೇಕಾಗಿದ್ದು ಅದಲ್ಲ. ಎತ್ತು ಏನಾದರೂ ಆಗಲಿ, ನನ್ನ ನಂಬರ್ ಯಾಕೆ ಹಿಂದೆ ಹೋಯಿತು?

ಹುಡುಕಿದರೆ ಹೊಟ್ಟೆ ಉರಿಯುವ ಸಂಗತಿ ಸಿಕ್ಕಿತು. 'ವಿ'ಯ ಮೂಲಪುರುಷನ ಹೆಸರು ವಾವ್. ಈಗಿನ ಲೆಬನಾನ್ ಕರಾವಳಿಯಲ್ಲಿದ್ದ ಪ್ರಾಚೀನ ವ್ಯಾಪಾರಿಗಳಾದ ಫಿನೀಷಿಯನ್ನರ 22 ಅಕ್ಷರಗಳಲ್ಲಿ ಅಲೆಫ್, ಬೇತ್, ಗಿಮೆಲ್, ದಾಲೆತ್, ಹೇ, ಆಮೇಲೆ ವಾವ್. ಆರನೆಯದು! ಆರನೆಯವನಿಗೆ ಉಪ್ಪಿಟ್ಟು ಬಿಸಿಯಾಗಿಯೇ ಸಿಗುತ್ತದೆ. ಯೆಮನ್ ಕಡೆಯ ಹಳೆಯ ಶಾಸನಗಳ ಲಿಪಿಗೆ ಬೇರೆಯೇ ಕ್ರಮ ಇತ್ತು, ಅದು 'ಹ, ಲ' ಎಂದು ಶುರುವಾಗುತ್ತದೆ. ಅಲ್ಲೂ ವಾವ್ ಆರನೆಯದೇ. ಇಷ್ಟು ಗಟ್ಟಿ ಜಾಗ ಬೇರೆ ಯಾರಿಗಿತ್ತು ಹೇಳಿ?

ಕೆಡಿಸಿದವರು ಗ್ರೀಕರು. ಫಿನೀಷಿಯನ್ನರಿಂದ ಅಕ್ಷರ ತೆಗೆದುಕೊಂಡು ವಾವ್‌ನ ಮನೆಯನ್ನು ಪಾಲು ಮಾಡಿದರು. ವ್ಯಂಜನದ ಪಾಲನ್ನು ಆರನೇ ಜಾಗದಲ್ಲೇ ಬಿಟ್ಟರು. ರೋಮನ್ನರ ಕೈಯಲ್ಲಿ ಅದು 'ಎಫ್' ಆಯಿತು. ಎಣಿಸಿ ನೋಡಿ, ಇವತ್ತಿಗೂ ಆರನೆಯದು. ಸ್ವರದ ಪಾಲನ್ನು 'ಟಿ'ಯ ಆಚೆ, ಸಾಲಿನ ಬಾಲಕ್ಕೆ ತಳ್ಳಿದರು. ಯು, ವಿ, ಡಬ್ಲ್ಯೂ, ವೈ ನಾಲ್ಕೂ ಹುಟ್ಟಿದ್ದು ಆ ಪಾಲಿನಲ್ಲಿ. ಲೆಕ್ಕಕ್ಕೆ ಫಾತಿಮಾ, ಫರ್ನಾಂಡಿಸ್ ನನ್ನ ದಾಯಾದಿಗಳು. ರಸ್ತೆ ಬದಿಯ ಸೈಟು ಅವರಿಗೆ, ಹಿತ್ತಲು ನನಗೆ.

ನಮಗಿಂತ ಜಾಸ್ತಿ ಪೆಟ್ಟು ತಿಂದದ್ದು ಪಕ್ಕದ ಮನೆಯ ಝೆಡ್. ಅದು ಏಳನೆಯದಾಗಿತ್ತು. ರೋಮನ್ನರಿಗೆ ಆ ಸದ್ದೇ ಬೇಡವಾಯಿತು. ಮುಪ್ಪಿನಲ್ಲಿ ಕಣ್ಣು ಕಳೆದುಕೊಂಡ ಅಪ್ಪಿಯಸ್ ಕ್ಲಾಡಿಯಸ್ ಎಂಬ ರೋಮನ್ ಹಿರಿಯನಿಗೆ ಝೆಡ್ ಕಂಡರೆ ಆಗುತ್ತಿರಲಿಲ್ಲವಂತೆ. ಅದನ್ನು ಹೇಳುವಾಗ ಹಲ್ಲು ಹೆಣದ ಹಲ್ಲಿನ ಹಾಗೆ ಕಾಣುತ್ತದೆ ಎಂಬುದು ಅವನ ತಕರಾರು ಎಂದು ನಂತರದವರು ಬರೆದಿದ್ದಾರೆ. ಕನ್ನಡಿ ಮುಂದೆ ನಿಂತು ಹೇಳಿ ನೋಡಿದೆ. ಅಷ್ಟೇನೂ ಕೆಟ್ಟದಾಗಿಲ್ಲ. ಹೆಂಡತಿ ಮಾತ್ರ ಹಲ್ಲು ನೋಯುತ್ತಿದೆಯಾ ಎಂದು ಕೇಳಿದಳು. ಕ್ರಿ.ಪೂ. 3ನೇ ಶತಮಾನದಲ್ಲಿ 'ಸಿ'ಗೆ ಒಂದು ಗೀಟು ಹಾಕಿ 'ಜಿ' ಮಾಡಿ, ಝೆಡ್ ಖಾಲಿ ಮಾಡಿದ ಜಾಗದಲ್ಲಿ ಕೂರಿಸಿದರು. ಮುಂದೆ ಗ್ರೀಕ್ ಪದ ಬರೆಯಲು ಝೆಡ್ ಬೇಕೇ ಬೇಕಾಯಿತು. ವಾಪಸ್ ಕರೆದರು ನಿಜ, ಹಳೆಯ ಸೀಟು ಕೊಡಲಿಲ್ಲ. ಕೊನೆಗೆ ನಿಲ್ಲು ಎಂದರು. ಈಗಲೂ ಅಲ್ಲೇ ನಿಂತಿದೆ.

ಅರಬ್ಬರಾದರೂ ನ್ಯಾಯ ಕೊಟ್ಟರಾ? ಅವರ ಹಳೆಯ ಕ್ರಮದಲ್ಲಿ ವಾವ್ ಆರನೆಯದು, ಅಕ್ಷರವನ್ನೇ ಅಂಕಿಯಾಗಿ ಬಳಸುವಾಗ ಅದರ ಬೆಲೆಯೂ 6. ಆಮೇಲೆ ಯಾರಿಗೋ ಒಪ್ಪವಾಗಿ ಜೋಡಿಸುವ ಹುಕಿ ಬಂತು. ಬಾ, ತಾ, ಥಾ ಎಂದು ಒಂದೇ ಆಕಾರದವನ್ನೆಲ್ಲ ಒಟ್ಟಿಗೆ ಕೂರಿಸಿದರು. ವಾವ್‌ಗೆ ಜೋಡಿ ಇರಲಿಲ್ಲ. 28ರಲ್ಲಿ 27ನೆಯದಾಯಿತು. ಹೀಬ್ರೂ ಮಾತಿಗೆ ತಪ್ಪಲಿಲ್ಲ. ಅಲ್ಲಿ ಇವತ್ತಿಗೂ ಆರನೆಯದು, ಅದೂ 'ವ' ಎಂಬ ಸದ್ದಿನ ಸಮೇತ.

ಯಾಕೆ ಈ ಕ್ರಮ ಎಂಬ ಪ್ರಶ್ನೆ ಇನ್ನೂ ಇದೆ, ಮರೆತಿಲ್ಲ. ಸಿರಿಯಾದ ಉಗಾರಿಟ್‌ನಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲಿ, ಮೂರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ, ಹೆಚ್ಚುಕಡಿಮೆ ಇದೇ ಸಾಲು ಇದೆ. ಅಲೆಫ್ ಎಂದರೆ ಎತ್ತು, ಬೇತ್ ಎಂದರೆ ಮನೆ, ದಾಲೆತ್ ಎಂದರೆ ಬಾಗಿಲು: ಎತ್ತು ಮೊದಲು, ಮನೆ ಆಮೇಲೆ, ಬಾಗಿಲು ಇನ್ನೂ ಆಮೇಲೆ. ಪಂಡಿತರು ನಾನಾ ಊಹೆ ಮಾಡಿದ್ದಾರೆ. ಎಲ್ಲರೂ ಒಪ್ಪುವ ಉತ್ತರ ಒಂದೂ ಇಲ್ಲ. ನಮ್ಮ ವರ್ಣಮಾಲೆಯಲ್ಲೂ 'ವ' ಹಿಂದಿನ ಬೋಗಿಯೇ, ಒಪ್ಪುತ್ತೇನೆ. ಆದರೆ ಅಲ್ಲಿ ಗಂಟಲು, ನಾಲಿಗೆ, ತುಟಿ ಎಂಬ ಲೆಕ್ಕ ಇದೆ. ಕಾರಣ ಹೇಳಿ ಹಿಂದೆ ನಿಲ್ಲಿಸಿದರೆ ನಿಲ್ಲಬಹುದು, ಅಲ್ವಾ?

ಹೋದ ವಾರ ಮಗಳಿಗೆ ಗಂಡು ಮಗು. ರೋಹಿಣಿ ಎರಡನೇ ಪಾದ, 'ವ'ದಿಂದಲೇ ಹೆಸರಿಡಬೇಕು ಎಂದರು ಜೋಯಿಸರು. ಪಾದ ಬದಲಿಸಲು ಆಗುತ್ತಾ ಎಂದು ಫೋನ್ ಮಾಡಿ ಕೇಳಿದೆ. ಆಗುವುದಿಲ್ಲವಂತೆ.