ಮನ್ನಾ ಮಾಡಿದ್ದು ಯಾರ ಲೆಕ್ಕದಲ್ಲಿ?

ಈ ಸಲ ಶುಭ ಶುಕ್ರವಾರ ಶಿವಮೊಗ್ಗದ ಪವಿತ್ರ ಹೃದಯ ಚರ್ಚಿಗೆ ನನ್ನ ಜೊತೆ ಗೆಳೆಯನೊಬ್ಬ ಬಂದಿದ್ದ. ಸಾಗರದ ಕಡೆಯವನು. ಆ ದಿನ ನಮ್ಮಲ್ಲಿ ರೊಟ್ಟಿ, ದ್ರಾಕ್ಷಾರಸ ಇಟ್ಟು ಮಾಡುವ ಬಲಿಪೂಜೆ ಇರುವುದಿಲ್ಲ. ಯೇಸುವಿನ ಪಾಡು ಓದುತ್ತಾರೆ, ಆಮೇಲೆ ಜನ ಸಾಲಾಗಿ ಹೋಗಿ ಶಿಲುಬೆಗೆ ಮುತ್ತಿಡುತ್ತಾರೆ. ಅವನು ಕೊನೆಯವರೆಗೂ ಸುಮ್ಮನೆ ಕೂತಿದ್ದ. ಗೇಟಿನ ಹತ್ತಿರ ಬಂದ ಮೇಲೆ ಕೇಳಿದ: "ಬೇಜಾರು ಮಾಡ್ಕೋಬೇಡ ಮಾರಾಯ. ನಮ್ಮೂರಲ್ಲಿ ಚೌಡಿಗೆ ಕೋಳಿ ಕೊಡ್ತಾರೆ, ಅದು ನಂಗೆ ಅರ್ಥ ಆಗುತ್ತೆ. ಆದ್ರೆ ತಪ್ಪು ಮಾಡಿದವನು ಒಬ್ಬ, ಸತ್ತವನು ಇನ್ನೊಬ್ಬ. ಇದ್ಯಾವ ನ್ಯಾಯ?"

ದಾರಿಯಲ್ಲಿ ಏನೋ ಹೇಳಿದೆ. ನನಗೇ ಸಮಾಧಾನ ಆಗಲಿಲ್ಲ. ಆವತ್ತಿಂದ ಅದೇ ತಲೆಯಲ್ಲಿ ಕೊರೆಯುತ್ತಿದೆ. ಯೋಚನೆ ಮಾಡಿದಾಗಲೆಲ್ಲ ಎದುರಿಗೆ ಬರುವುದು ಅಮ್ಮನ ಬಳೆ.

ನಾನು ಹೈಸ್ಕೂಲಿನಲ್ಲಿದ್ದಾಗಿನ ಮಾತು. ನಮ್ಮದು ಹೊಸನಗರದ ಕಡೆ ಎರಡು ಎಕರೆ ಅಡಿಕೆ ತೋಟ. ಆ ವರ್ಷ ಕೊಳೆ ರೋಗ ಬಂದು ಅರ್ಧ ಕಾಯಿ ಮಳೆಗಾಲದಲ್ಲೇ ಉದುರಿ ಹೋಗಿತ್ತು. ಉಳಿದ ಫಸಲನ್ನು ಅಪ್ಪ ಚೇಣಿಗೆ, ಅಂದರೆ ಮರದಲ್ಲಿದ್ದ ಹಾಗೇ ಗುತ್ತಿಗೆಗೆ, ಕೊಟ್ಟ. ಚೇಣಿದಾರ ಗುರುತಿನವನೇ, ನಮ್ಮ ಮನೆಯಲ್ಲಿ ಊಟ ಮಾಡಿದವನು. ಅಡಿಕೆ ಗೊನೆ ಇಳಿಸಿಕೊಂಡು ಹೋದ, ಸುಲಿಸಿದ, ಬೇಯಿಸಿದ, ಮಾರಿದ. ದುಡ್ಡು ಮಾತ್ರ ಬರಲಿಲ್ಲ. ಹೋಗಿ ಕೇಳಿದರೆ ಇವತ್ತು ನಾಳೆ. ಆಮೇಲೆ ಅವನು ಎದುರಿಗೆ ಸಿಗುವುದನ್ನೇ ಬಿಟ್ಟ.

ಈಸ್ಟರ್‌ಗೆ ಮೊದಲಿನ ತಪಸ್ಸುಕಾಲದಲ್ಲಿ ಒಂದು ಭಾನುವಾರ ಅಪ್ಪ ಪೂಜೆ ಮುಗಿಸಿ ಬಂದವನೇ ಪೆಟ್ಟಿಗೆಯಿಂದ ಲೆಕ್ಕದ ಚೀಟಿ ತೆಗೆದ. ಬಚ್ಚಲ ಒಲೆಗೆ ಹಾಕಿದ. "ಮನ್ನಾ ಮಾಡಿದೆ, ಇನ್ನು ಆ ವಿಷಯ ಬೇಡ" ಅಂದ. ಅಪ್ಪನ ಮುಖ ಹಗುರಾಗಿತ್ತು. ನನಗೆ ಅಪ್ಪ ದೊಡ್ಡ ಮನುಷ್ಯ ಅನ್ನಿಸಿದ ದಿನ ಅದು.

ಅಮ್ಮ ಮೆಟ್ಟುಗತ್ತಿ ಮುಂದೆ ಕೂತು, ಕೊನೆಗೆ ಉಳಿದಿದ್ದ ನಾಲ್ಕು ಬುಟ್ಟಿ ಅಡಿಕೆ ಸುಲಿಯುತ್ತಿದ್ದಳು. ಗೊಬ್ಬರ, ಔಷಧಿ, ಕೂಲಿ ಅಂತ ಸೊಸೈಟಿಯಲ್ಲಿ ಮಾಡಿದ್ದ ಸಾಲಕ್ಕೆ ಅವಳ ಎರಡೂ ಬಳೆ ಅಡ ಹೋಗಿದ್ದವು. ಕೈ ನಿಲ್ಲಿಸದೆ, ತಲೆ ಎತ್ತದೆ ಒಂದೇ ಮಾತು ಹೇಳಿದಳು: "ನೀವು ಮನ್ನಾ ಮಾಡಿದ್ದು ನನ್ನ ಬಳೇಲಿ."

ಅಪ್ಪ ಮಾತಾಡಲಿಲ್ಲ.

ಕ್ರೈಸ್ತ ನಂಬಿಕೆಯ ಬಗ್ಗೆ ಎಷ್ಟೋ ಪ್ರಸಂಗ ಕೇಳಿದ್ದೇನೆ. ಅಮ್ಮನ ಆ ಮಾತಿನಷ್ಟು ಯಾವುದೂ ನನಗೆ ಕಲಿಸಿಲ್ಲ. ಸಾಲ ಮನ್ನಾ ಆದರೆ ನಷ್ಟ ಗಾಳಿಯಲ್ಲಿ ಕರಗಿ ಹೋಗುವುದಿಲ್ಲ, ಅಲ್ವಾ? ತಗೊಂಡವನು ಕಟ್ಟದಿದ್ದರೆ ಕೊಟ್ಟವನು ಹೊರಬೇಕು. ಕ್ಷಮೆಯೂ ಹಾಗೇ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ನಾವು ಕನ್ನಡದಲ್ಲಿ 'ತಪ್ಪು' ಅಂತ ಹೇಳುತ್ತೇವೆ. ಬೈಬಲ್ಲಿನ ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲದಲ್ಲಿ ಅಲ್ಲಿರುವ ಪದ 'ಸಾಲ'. ಅದೇ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಒಬ್ಬ ರಾಜ ತನ್ನ ಸೇವಕನ 10,000 ತಲಾಂತು ಸಾಲ ಬಿಟ್ಟುಬಿಡುತ್ತಾನೆ. ಒಂದು ತಲಾಂತು ಅಂದರೆ ಸುಮಾರು 6,000 ದಿನದ ಕೂಲಿ. ಲೆಕ್ಕ ಹಾಕಿ ನೋಡಿ. ಅಷ್ಟೂ ರಾಜನ ಬೊಕ್ಕಸದಿಂದಲೇ ಹೋದದ್ದು.

ಗೆಳೆಯ ಕೋಳಿ ಅಂದನಲ್ಲ, ನಮ್ಮ ಹಳೆಯ ಒಡಂಬಡಿಕೆಯಲ್ಲೂ ಬಲಿ ಇದೆ. ಯಾಜಕಕಾಂಡದ 16ನೇ ಅಧ್ಯಾಯದಲ್ಲಿ ವರ್ಷಕ್ಕೊಮ್ಮೆ ನಡೆಯುವ ಪ್ರಾಯಶ್ಚಿತ್ತದ ದಿನ ಬರುತ್ತದೆ. ಜನರ ಪರವಾಗಿ ಎರಡು ಹೋತ. ಒಂದನ್ನು ಬಲಿ ಕೊಡುತ್ತಾರೆ. ಇನ್ನೊಂದರ ತಲೆ ಮೇಲೆ ಮಹಾಯಾಜಕ ಎರಡೂ ಕೈ ಇಟ್ಟು, ಜನರ ತಪ್ಪುಗಳನ್ನೆಲ್ಲ ಹೇಳಿ, ಅದನ್ನು ಅಡವಿಗೆ ಅಟ್ಟುತ್ತಾನೆ. ಆ ಹೋತ ದೂರ ದೂರ ಹೋಗುವುದನ್ನು ಜನ ನೋಡುತ್ತಾ ನಿಂತಿದ್ದರೆ ಮನಸ್ಸಿಗೆ ಎಷ್ಟು ಹಗುರ ಆಗಿರಬೇಕು! ಆದರೆ ಮುಂದಿನ ವರ್ಷ ಮತ್ತೆ ಎರಡು ಹೋತ. ಹೊಸ ಒಡಂಬಡಿಕೆಯಲ್ಲಿ ಇಬ್ರಿಯರಿಗೆ ಬರೆದ ಪತ್ರ ಕೇಳುವುದು ಇದನ್ನೇ: ಅದರಿಂದ ಕೆಲಸ ಆಗಿದ್ದರೆ ಬಲಿ ಯಾವತ್ತೋ ನಿಂತು ಹೋಗುತ್ತಿರಲಿಲ್ಲವೇ? ಹೋರಿ ಹೋತಗಳ ರಕ್ತದಿಂದ ಪಾಪ ಹೋಗಲಾರದು ಅಂತ ಅದು ನೇರವಾಗಿಯೇ ಹೇಳುತ್ತದೆ. ಪಾಪ, ಆ ಹೋತ ಏನು ಮಾಡಿತ್ತು? ಅದೂ ಬೇರೆಯವರ ಬಳೆಯೇ.

ಹಾಗಾದರೆ ಶಿಲುಬೆ? ನಾನು ಚಿಕ್ಕವನಿದ್ದಾಗ ಒಂದು ಪ್ರಾರ್ಥನಾ ಕೂಟದಲ್ಲಿ ಹೀಗೆ ಕೇಳಿದ್ದೆ: ತಂದೆಗೆ ವಿಪರೀತ ಸಿಟ್ಟು ಬಂದಿತ್ತು, ಮಗ ಅಡ್ಡ ನಿಂತು ಏಟು ತಿಂದ, ತಂದೆ ತಣ್ಣಗಾದ. ಇದು ನಿಜವಾದರೆ ನನ್ನ ಗೆಳೆಯ ಹೇಳಿದ್ದೇ ಸರಿ. ಅಂಥ ತಂದೆಯ ಮುಂದೆ ನಾನು ಮಂಡಿ ಊರಲಾರೆ. 1098ರಲ್ಲಿ ಆನ್ಸೆಲ್ಮ್ ಎಂಬ ಧರ್ಮಾಧ್ಯಕ್ಷ ಬರೆದು ಮುಗಿಸಿದ ಪುಸ್ತಕದಲ್ಲೂ ಸಾಲದ ಲೆಕ್ಕ ಇದೆ. ತೀರಿಸಬೇಕಾದವನು ಮನುಷ್ಯ, ತೀರಿಸುವ ಶಕ್ತಿ ಇರುವುದು ದೇವರಿಗೆ ಮಾತ್ರ. ಅದಕ್ಕೇ ದೇವರು ಮನುಷ್ಯನಾದ ಅನ್ನುವುದು ಅವರ ವಾದ. ಇದನ್ನು ಒಪ್ಪದವರೂ ಇದ್ದರು. ಶಿಲುಬೆಯ ಪ್ರೀತಿ ಕಂಡು ಮನುಷ್ಯನ ಮನಸ್ಸು ಕರಗುತ್ತದೆ, ಬದಲಾಗಬೇಕಾದದ್ದು ಅದೇ ಅಂದವರು ಫ್ರಾನ್ಸಿನ ದೇವಶಾಸ್ತ್ರಜ್ಞ ಅಬೆಲಾರ್ಡ್. ನಮ್ಮ ನಂಬಿಕೆಯ ಸಾರ ಹೇಳುವ 381ರ ವಿಶ್ವಾಸ ಪ್ರಮಾಣದಲ್ಲಿ 'ನಮಗಾಗಿ ಶಿಲುಬೆಗೇರಿದರು' ಅಂತಷ್ಟೇ ಇದೆ. ಹೇಗೆ, ಯಾವ ಲೆಕ್ಕದಲ್ಲಿ ಅಂತ ಇಲ್ಲ.

ನಾನು ಹಿಡಿದುಕೊಂಡಿರುವುದು ಪೌಲ ಕೊರಿಂಥದವರಿಗೆ ಬರೆದ ಎರಡನೇ ಪತ್ರದ ಒಂದು ಮಾತು: ದೇವರು ಕ್ರಿಸ್ತನಲ್ಲಿ ಇದ್ದು ಲೋಕವನ್ನು ತನ್ನೊಂದಿಗೆ ಸೇರಿಸಿಕೊಂಡರು. ಕ್ರಿಸ್ತನಲ್ಲಿ ಇದ್ದು. ಅಂದರೆ ಶಿಲುಬೆ ಮೇಲೆ ಇದ್ದವನು ಎಲ್ಲಿಂದಲೋ ಹಿಡಿದು ತಂದ ಮೂರನೆಯವನಲ್ಲ. ಸಾಲ ಕೊಟ್ಟವನೇ ಬಂದು ನಷ್ಟ ಹೊತ್ತುಕೊಂಡದ್ದು. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನುವ ನಮ್ಮ ತ್ರಿತ್ವದ ನಂಬಿಕೆ ಬಿಟ್ಟರೆ ಈ ಕಥೆ ಬರೀ ಅನ್ಯಾಯದ ಕಥೆ ಆಗಿಬಿಡುತ್ತದೆ.

ಇದನ್ನು ಮರೆತೇ ನಾವು ನೊಂದವರಿಗೆ ಉಪದೇಶ ಮಾಡುತ್ತೇವೆ. ಹೊಡೆಸಿಕೊಂಡು ತವರಿಗೆ ಬಂದ ಹೆಣ್ಣುಮಗಳಿಗೆ "ಕ್ಷಮಿಸಮ್ಮಾ, ಯೇಸು ಕ್ಷಮಿಸಲಿಲ್ವಾ" ಅಂತ ಹಿರಿಯರು ಹೇಳುವುದನ್ನು ನಾನೇ ಕೇಳಿದ್ದೇನೆ. ಹೊಟ್ಟೆ ಉರಿಯುತ್ತದೆ. ಅವಳ ಬಳೆ ಅಡ ಇಡಲು ನೀವ್ಯಾರು? 1999ರಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಚಿಕ್ಕ ಗಂಡುಮಕ್ಕಳನ್ನು ಸುಟ್ಟು ಕೊಂದಾಗ, ಅವರ ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದೆ ಅಂದರು. ಆ ಮಾತು ಹೇಳುವ ಹಕ್ಕು ಅವರಿಗಿತ್ತು. ಕಳೆದುಕೊಂಡವರು ಅವರು. ಕೋರ್ಟಿನ ಕೆಲಸ ಕೋರ್ಟು ಮಾಡಿತು. ಅವರು ಕುಷ್ಠರೋಗಿಗಳ ಸೇವೆ ಮುಂದುವರಿಸಿದರು.

ತಪ್ಪು ಮಾಡಿದವನಿಗೂ ಕ್ಷಮೆ ಸಿಕ್ಕಿತು ಅಂತ ಕೈ ತೊಳೆದುಕೊಳ್ಳುವ ಹಾಗಿಲ್ಲ. ಸುವಾರ್ತೆಯಲ್ಲಿ ಬರುವ ಸುಂಕ ವಸೂಲಿಗಾರ ಜಕ್ಕಾಯ ಮೋಸದಿಂದ ತಗೊಂಡಿದ್ದನ್ನು ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದ. ಯೇಸು ಅವನ ಮನೆಗೆ ಬಂದ ಮೇಲೆ ಹೇಳಿದ ಮಾತದು.

ಅಪ್ಪ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾಲ್ಕನೇ ದಿನ ಬೈಕ್ ತೊಳೆದ. ಅಪ್ಪನಿಗೆ ಆ ಬೈಕ್ ಅಂದರೆ ಜೀವ. ಸಂಜೆ ಬಸ್ಸಿನಲ್ಲಿ ಬಂದ. ಬನಿಯನ್ ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಅಮ್ಮನ ಕೈಯಲ್ಲಿಟ್ಟ. ಒಳಗೆ ಎರಡು ಬಳೆ. ಅಮ್ಮ ಹಾಕಿಕೊಳ್ಳಲಿಲ್ಲ, ಗಂಟು ಹಾಗೇ ಹಿಡಿದುಕೊಂಡು ಅಡಿಗೆ ಮನೆಗೆ ಹೋದಳು. ಆವತ್ತು ರಾತ್ರಿ ಮೀನು ಸಾರು ಮಾಡಿದ್ದಳು.

ಆಮೇಲೆ ನಾಲ್ಕು ವರ್ಷ ಅಪ್ಪ ಪೇಟೆಗೆ ಬಸ್ಸಿನಲ್ಲೇ ಹೋದ. ಒಂದು ಆಷಾಢದಲ್ಲಿ ಮಳೆ ಹೊಡೆಯುತ್ತಿದ್ದಾಗ ಬಸ್‌ಸ್ಟಾಪಿನ ಎದುರು ಆ ಚೇಣಿದಾರನ ಜೀಪು ಮುಂದೆ ಹೋಗಿ, ನಿಂತು, ಹಿಂದೆ ಬಂತಂತೆ. ಅಪ್ಪ ಕೊಡೆ ಮಡಚಿ ಹತ್ತಿ ಕೂತ. ಮನೆಗೆ ಬಂದಾಗ ಅಮ್ಮ ಕೇಳಿದಳು, "ಏನು ಮಾತಾಡಿದ್ರಿ?"

"ಏನಿಲ್ಲ. ಈ ಸಲ ಕೊಳೆಗೆ ಎರಡನೇ ಔಷಧಿ ಯಾವಾಗ ಹೊಡೀತೀರಿ ಅಂತ ಕೇಳ್ದ."