ಏಟು ತಿನ್ನುವ ಪತ್ತೇದಾರ, ಕುಂಟೆಬಿಲ್ಲೆ ಆಡುವ ಕಾಲು

‘ಮರ್ಡರ್, ಮೈ ಸ್ವೀಟ್’ ಸಿನಿಮಾದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಗುಂಡು ಹಾರುವುದಲ್ಲ. ಪತ್ತೇದಾರ ಫಿಲಿಪ್ ಮಾರ್ಲೋ ಒಬ್ಬ ದೊಡ್ಡ ಸಾಹುಕಾರನ ಬಂಗಲೆಗೆ ಹೋಗಿದ್ದಾನೆ. ಚೌಕ ಚೌಕದ ಕಲ್ಲುಹಾಸು. ಅದನ್ನು ನೋಡಿದ್ದೇ ತಡ, ಕುಂಟೆಬಿಲ್ಲೆ ಆಡಿಕೊಂಡು ದಾಟುತ್ತಾನೆ! ಕೋಟು, ಟೈ ಎಲ್ಲಾ ಇದೆ, ಕಾಲು ಮಾತ್ರ ಶಾಲೆ ಬಿಟ್ಟ ಹುಡುಗನದು.

ಅದು ಹಾಲಿವುಡ್ ನಟ ಡಿಕ್ ಪೊವೆಲ್‌ನ ಕಾಲು. 1933ರಲ್ಲಿ ವಾರ್ನರ್ ಬ್ರದರ್ಸ್‌ನ ‘ಫಾರ್ಟಿ ಸೆಕೆಂಡ್ ಸ್ಟ್ರೀಟ್’ ಬಂದಾಗಿನಿಂದ ಅವನು ಹಾಡುವ ಹುಡುಗ. ಪಕ್ಕದಲ್ಲಿ ನಾಯಕಿ ರೂಬಿ ಕೀಲರ್, ಹಿಂದೆ ಬಸ್ಬಿ ಬರ್ಕ್ಲಿ ಕುಣಿಸುವ ಹುಡುಗಿಯರ ಸಾಲು ಸಾಲು. ವಯಸ್ಸು ನಲವತ್ತರ ಹತ್ತಿರ ಬಂತು, ಪಾತ್ರಗಳಿಗೆ ಮಾತ್ರ ಮೀಸೆ ಚಿಗುರಲೇ ಇಲ್ಲ. ‘ಡಬಲ್ ಇಂಡೆಮ್ನಿಟಿ’ಯ ಕೊಲೆಗಾರ ಇನ್ಶೂರೆನ್ಸ್ ಏಜೆಂಟನ ಪಾತ್ರಕ್ಕೆ ಆಸೆಪಟ್ಟ. ಅದು ಸಿಕ್ಕಿದ್ದು ಫ್ರೆಡ್ ಮೆಕ್‌ಮರ್ರೆಗೆ. ಅವನೂ ನಗೆ ಸಿನಿಮಾಗಳ ಆಸಾಮಿಯೇ, ನೋಡಿ!

ಕೊನೆಗೆ ಆರ್‌ಕೆಓ ಸ್ಟುಡಿಯೋದಲ್ಲಿ, ನಿರ್ದೇಶಕ ಎಡ್ವರ್ಡ್ ಡಿಮಿಟ್ರಿಕ್ ಕೈಯಲ್ಲಿ ಮಾರ್ಲೋ ಆದ. 1944. ಮೊದಲು ಸಿನಿಮಾಕ್ಕೆ ರೇಮಂಡ್ ಚಾಂಡ್ಲರ್ ಕಾದಂಬರಿಯ ಹೆಸರೇ ಇತ್ತು, ‘ಫೇರ್‌ವೆಲ್, ಮೈ ಲವ್ಲಿ’ ಅಂತ. ಆ ಹೆಸರಿನ ಜೊತೆ ಪೊವೆಲ್ ಹೆಸರೂ ಸೇರಿದರೆ ಜನ ಇನ್ನೊಂದು ಹಾಡು-ಕುಣಿತದ ಸಿನಿಮಾ ಅಂದುಕೊಳ್ಳುತ್ತಾರೆ ಅಂತ ಹೆಸರಿಗೆ ‘ಕೊಲೆ’ ಸೇರಿಸಬೇಕಾಯಿತು. ಪಾಪ ಅನಿಸುವುದಿಲ್ವಾ?

ಪೊವೆಲ್ ಹಳೇ ವೇಷ ಪೂರ್ತಿ ಕಳಚಿ ಹೊಸ ಮನುಷ್ಯನಾದ ಅಂತ ಎಲ್ಲರೂ ಹೊಗಳುತ್ತಾರೆ. ನನಗೆ ಹಾಗನಿಸುವುದಿಲ್ಲ. ಕಳಚದೇ ಇದ್ದದ್ದರಿಂದಲೇ ಅವನು ಗೆದ್ದ. 1946ರಲ್ಲಿ ಇನ್ನೊಂದು ಸಿನಿಮಾದಲ್ಲಿ ನಟ ಹಂಫ್ರಿ ಬೋಗಾರ್ಟ್ ಕೂಡ ಇದೇ ಮಾರ್ಲೋ ಆದ. ಬೋಗಾರ್ಟ್ ಕೋಣೆಯೊಳಗೆ ಬಂದರೆ ಹೊಡೆಯುವವನೇ ಎರಡು ಸಲ ಯೋಚಿಸಬೇಕು. ಪೊವೆಲ್ ಬಂದರೆ ನಮಗೇ ಗೊತ್ತಾಗುತ್ತದೆ, ಇವನಿಗೆ ಇವತ್ತು ಬೀಳುತ್ತೆ ಅಂತ. ಬೀಳುತ್ತದೆ ಕೂಡ. ತಲೆಗೆ ಹೊಡೆಯುತ್ತಾರೆ, ಕುತ್ತಿಗೆ ಹಿಸುಕುತ್ತಾರೆ, ಮತ್ತಿನ ಮದ್ದು ಚುಚ್ಚಿ ಮಲಗಿಸುತ್ತಾರೆ. ಸಿನಿಮಾ ಶುರುವಾಗುವುದೇ ಅವನ ಕಣ್ಣಿಗೆ ಬ್ಯಾಂಡೇಜ್ ಕಟ್ಟಿರುವಾಗ. ಇಷ್ಟಾದರೂ ಬಾಯಿ ಸುಮ್ಮನಿರಲ್ಲ. ಆ ಚೇಷ್ಟೆ, ಆ ಹಗುರತನ ಹಾಡಿನ ಕಾಲದ್ದೇ. ಈಗ ಅದರೊಳಗೆ ಸ್ವಲ್ಪ ಭಯ, ಜಾಸ್ತಿ ಸುಸ್ತು ಸೇರಿಕೊಂಡಿದೆ, ಅಷ್ಟೇ.

ಆಮೇಲೆ ಪೊವೆಲ್ ಮಾಡಿದ ‘ಕಾರ್ನರ್ಡ್’ ಸಿನಿಮಾ ನನಗೆ ಸ್ವಲ್ಪ ಬೋರು. ಅದರಲ್ಲಿ ಚೇಷ್ಟೆಯೇ ಇಲ್ಲ, ಬರೀ ಬಿಗಿದ ಹಲ್ಲು. 1948ರ ‘ಪಿಟ್‌ಫಾಲ್’ ಮಾತ್ರ ಬಿಡಬೇಡಿ. ಅದರಲ್ಲಿ ಪೊವೆಲ್‌ಗೆ ಒಳ್ಳೇ ಹೆಂಡತಿ, ಒಬ್ಬ ಮಗ, ಲಾಸ್ ಏಂಜಲೀಸ್‌ನಲ್ಲಿ ಇನ್ಶೂರೆನ್ಸ್ ಕಂಪನಿ ಕೆಲಸ. ದಿನಾ ಅದೇ ಊಟ, ಅದೇ ದಾರಿ ಅಂತ ಬೇಸತ್ತವನು ಇನ್ನೊಬ್ಬಳ ಮನೆ ಬಾಗಿಲು ತಟ್ಟುತ್ತಾನೆ. ಹಳೇ ಹಾಡಿನ ಹುಡುಗನಿಗೆ ಮದುವೆಯಾಗಿ ಹದಿನೈದು ವರ್ಷವಾದರೆ ಹೀಗೇ ಇರುತ್ತಾನೇನೋ!

ಹಾಡನ್ನಾದರೂ ಬಿಟ್ಟನಾ? ಅದೂ ಇಲ್ಲ. 1949ರಲ್ಲಿ ರೇಡಿಯೋಗೆ ‘ರಿಚರ್ಡ್ ಡೈಮಂಡ್’ ಅನ್ನೋ ಪತ್ತೇದಾರನಾಗಿ ಬಂದ. ಕೊಲೆಗಾರ ಸಿಕ್ಕಿಬಿದ್ದ ಮೇಲೆ ಗೆಳತಿ ಹೆಲೆನ್ ಮನೆಗೆ ಹೋಗಿ, ಪಿಯಾನೋ ಮುಂದೆ ಕೂತು ಒಂದು ಹಾಡು ಹಾಡುತ್ತಿದ್ದ.